ಬಂಧನವಾದಾಗ ದಿನ ಎಣಿಸುವವರು ಯಾರು?



ಮನೆಯ ಮಗನನ್ನು ಪೊಲೀಸರು ಕರೆದೊಯ್ದಾಗ ನಾವು ಮೊದಲು ಓಡುವುದು ಎಲ್ಲಿಗೆ? ಜಮಾಅತಿನ ಮುಖಂಡರ ಮನೆಗೆ, ಅಲ್ಲಿಂದ ಶಾಸಕರ ಕಚೇರಿಗೆ. ವಕೀಲರ ನೆನಪಾಗುವಷ್ಟರಲ್ಲಿ ಎರಡು ಮೂರು ದಿನಗಳು ಕಳೆದಿರುತ್ತವೆ. ಆದರೆ ಆರೋಪಿಗೆ ಕಾನೂನು ನೀಡಿರುವ ಮುಖ್ಯ ರಕ್ಷಣೆಗಳು ಗಂಟೆ ಮತ್ತು ದಿನಗಳ ಲೆಕ್ಕಕ್ಕೆ ಬದ್ಧವಾಗಿವೆ. ಆತ ತಪ್ಪು ಮಾಡಿರಲೂಬಹುದು, ಮಾಡದೆಯೂ ಇರಬಹುದು. ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ಲೆಕ್ಕವಿಡುವ ಹೊಣೆ ಮಾತ್ರ ಮನೆಯವರದು.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾದರೂ ಸಂವಿಧಾನದ 22ನೇ ವಿಧಿ ಹಾಗೆಯೇ ಇದೆ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಹೊರತುಪಡಿಸಿ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಾರಣವನ್ನು ಬರವಣಿಗೆಯಲ್ಲಿ, ಆತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ.

ಈ 24 ಗಂಟೆಗಳು ಎಂದಿನಿಂದ ಆರಂಭವಾದವು ಎಂಬುದೇ ಮುಂದೆ ವಿವಾದವಾಗುತ್ತದೆ. ‘ಸುಮ್ಮನೆ ವಿಚಾರಣೆಗೆ’ ಎಂದು ಸಂಜೆ ಕರೆದೊಯ್ದು, ಮರುದಿನ ಬಂಧನವೆಂದು ಬರೆದರೆ ನಮ್ಮ ಬಳಿ ಉತ್ತರವೇನು? ಕರೆದೊಯ್ದ ಸಮಯ, ಬಂದವರ ಹೆಸರು, ವಾಹನದ ಸಂಖ್ಯೆಗಳನ್ನು ಆಗಲೇ ಒಂದು ಕಾಗದದಲ್ಲಿ ಬರೆದಿಡಬೇಕು. ಬಂಧನದ ದಾಖಲೆಗೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ವಿಧಿಸಿದೆ. ಸಹಿ ಹಾಕುವ ಮುನ್ನ ಅದರಲ್ಲಿರುವ ಸಮಯವನ್ನು ಓದಿ. ಖಾಲಿ ಕಾಗದಕ್ಕಂತೂ ಯಾರೂ ಸಹಿ ಹಾಕಬಾರದು.

ಬಂಧನದ ಬದಲು ಠಾಣೆಗೆ ಹಾಜರಾಗುವಂತೆ ನೋಟಿಸು ಬಂದರೆ ಹೋಗಲೇಬೇಕು. ಹೆದರಿ ತಲೆಮರೆಸಿಕೊಂಡರೆ ಬಂಧನಕ್ಕೆ ನಾವೇ ಕಾರಣ ಒದಗಿಸಿದಂತಾಗುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆತನ ವಿರುದ್ಧ ರುಜುವಾತುಪಡಿಸಲಾಗದು. ಆದರೆ ಆ ಹೇಳಿಕೆಯಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದ ಭಾಗವನ್ನು ಬಳಸಬಹುದು. ‘ಹೇಗಿದ್ದರೂ ನಡೆಯದು, ಏನು ಬೇಕಾದರೂ ಹೇಳು’ ಎಂದು ಮಗನಿಗೆ ಸಲಹೆ ಕೊಡುವ ಅಂಗಡಿಕಟ್ಟೆಯ ಪಂಡಿತರಿಗೆ ಇದು ತಿಳಿದಿರುವುದಿಲ್ಲ!

ಇನ್ನು, ಅತಿ ಹೆಚ್ಚು ಮಂದಿ ಕೈಬಿಡುವ ಹಕ್ಕು. ಆರೋಪಿ ಬಂಧನದಲ್ಲಿರುವಾಗ ಪೊಲೀಸರು 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಮರಣದಂಡನೆ, ಜೀವಾವಧಿ, 10 ವರ್ಷ ಅಥವಾ ಅದಕ್ಕೂ ಹೆಚ್ಚಿನ ಸಜೆಯ ಅಪರಾಧಗಳಲ್ಲಿ ಈ ಅವಧಿ 90 ದಿನಗಳು. ಯುಎಪಿಎ ಪ್ರಕರಣಗಳಲ್ಲಿ ನ್ಯಾಯಾಲಯ ಇದನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಅವಧಿ ಮುಗಿದರೂ ಪಟ್ಟಿ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಕೇಳಿದವನಿಗೆ ಮಾತ್ರ ಅದು ದೊರೆಯುತ್ತದೆ.

ಮಾರ್ಚ್ 1ರಂದು ಮ್ಯಾಜಿಸ್ಟ್ರೇಟರು ರಿಮಾಂಡ್ ಮಾಡಿದರೆನ್ನಿ. ಎಣಿಕೆ ಬಂಧನದ ದಿನದಿಂದಲ್ಲ, ರಿಮಾಂಡ್ ಆದ ದಿನವನ್ನೂ ಸೇರಿಸಿಕೊಂಡು ಅಲ್ಲಿಂದ ನಡೆಯುತ್ತದೆ. ಏಪ್ರಿಲ್ 29ಕ್ಕೆ 60 ದಿನ ತುಂಬುತ್ತದೆ. ಏಪ್ರಿಲ್ 30ರ ಬೆಳಿಗ್ಗೆಯೇ ಅರ್ಜಿ ಬೀಳಬೇಕು. ಮದುವೆಯ ಗಡಿಬಿಡಿಯೆಂದೋ ವಕೀಲರು ಊರಲ್ಲಿಲ್ಲವೆಂದೋ ಮೇ 2ರವರೆಗೆ ಕಾದು, ಮೇ 1ರಂದು ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಹೋಯಿತು. ಅರ್ಜಿ ಬರೆಯುವವರಿಲ್ಲದಿದ್ದರೆ ಬಾಯಿಮಾತಿನಲ್ಲಿ ಕೇಳಿದರೂ ಸಾಕೆಂದು 2017ರಲ್ಲಿ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾಮೀನುದಾರರನ್ನೂ ಅಷ್ಟರೊಳಗೆ ಸಿದ್ಧಪಡಿಸಿರಬೇಕು.

ವಕೀಲರ ಶುಲ್ಕಕ್ಕೆ ಮನೆ ಅಡವಿಡುವವರನ್ನು ನಾವು ಕಂಡಿದ್ದೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರು ಮತ್ತು ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಈ ಸಂಖ್ಯೆಯನ್ನು ಇಂದೇ ಮಸೀದಿಯ ಸೂಚನಾ ಫಲಕದಲ್ಲಿ ಬರೆಸಿ.