ಎಲೆ, ಬೇರು, ಬೀಜಗಳ ನಂಟು
(ಶಿವಮೊಗ್ಗದ ದುರ್ಗಿಗುಡಿಯಲ್ಲಿ ನೀಡಿದ ಉಪನ್ಯಾಸದ ಸಾರ)



ಭದ್ರಾವತಿಯ ಸುತ್ತಣ ಎಲೆಯುದುರುವ ಕಾಡಿನಿಂದ ಪಶ್ಚಿಮಕ್ಕೆ, ಆಗುಂಬೆಯವರೆಗೆ ಸಾಗಿದರೆ ಮರಗಳ ಬಾಳುವೆಯ ರೀತಿಯೇ ಬದಲಾಗುತ್ತದೆ. ಸಾಗುವಾನಿಯ ಅಗಲವಾದ ಎಲೆ ಮಳೆಗಾಲದಲ್ಲಿ ಬೇಗನೆ ಆಹಾರ ಗಳಿಸಿ, ಬೇಸಿಗೆಯ ಹೊತ್ತಿಗೆ ಉದುರಿ ಮರದ ನೀರನ್ನು ಉಳಿಸುತ್ತದೆ. ಆಗುಂಬೆಯ ನಿತ್ಯಹರಿದ್ವರ್ಣ ಮರಗಳ ಎಲೆ ದಪ್ಪ, ಬಿರುಸು. ಗಳಿಕೆ ನಿಧಾನ, ಬಾಳಿಕೆ ದೀರ್ಘ. ಜಗತ್ತಿನ 175 ತಾಣಗಳ 2,548 ಪ್ರಭೇದಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೂ ಈ ನಂಟನ್ನೇ ತೋರಿಸಿತು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯನ್ನು ಗಮನಿಸಿರಿ. ಕೆಸರಿನೊಳಗೆ ಗಾಳಿ ಸಾಲದು. ಆದ್ದರಿಂದ ಬೇರುಗಳು ಮೊಣಕಾಲಿನಂತೆ ಬಾಗಿ ಮೇಲೆದ್ದು ಉಸಿರಾಡುತ್ತವೆ. ದಪ್ಪ ಬೀಜವು ಕತ್ತಲಲ್ಲಿ ಮೊಳೆತ ಸಸಿಗೆ ಬುತ್ತಿಯಾಗುತ್ತದೆ. ಆದರೆ ಒಣಗಿದರೆ ಸಾಯುತ್ತದೆ. ಬೇರು, ಬೀಜ, ಎಲೆ ಮೂರೂ ಆ ತೇವಕ್ಕೆ, ಆ ನೆರಳಿಗೆ ಒಗ್ಗಿದವು. ಕಾಲುವೆ ತೋಡಿ ಜಡ್ಡಿಯನ್ನು ಬಸಿದ ಮೇಲೆ ಬೋಳುಗುಡ್ಡದಲ್ಲಿ ಅದೇ ಸಸಿ ನೆಟ್ಟರೆ ನಷ್ಟ ತುಂಬದು.

ಆದಕಾರಣ, ವನಮಹೋತ್ಸವಕ್ಕೆ ಸಸಿ ಆರಿಸುವಾಗ ‘ಬೇಗ ಬೆಳೆಯುವುದೇ?’ ಎಂಬ ಒಂದೇ ಪ್ರಶ್ನೆ ಸಾಲದು. ಈ ಮಣ್ಣಿಗೆ, ಈ ಮಳೆಗೆ, ಈ ಬೇಸಿಗೆಗೆ ಅದರ ಗುಣಗಳೆಲ್ಲ ಒಟ್ಟಾಗಿ ಹೊಂದುವುವೇ ಎಂದು ಕೇಳಿರಿ. ಇರುವ ಜಡ್ಡಿಯನ್ನು ಮೊದಲು ಉಳಿಸಿರಿ.