ಎಷ್ಟು ಜನ ತಡೆಯುತ್ತೆ ಇದು?

ಶಿವಮೊಗ್ಗದ ವಿನೋಬನಗರದಲ್ಲಿ ನಾವೆಲ್ಲ ಹುಡುಗರಾಗಿದ್ದಾಗ ಒಂದು ಸಲ ಹೊನಲು ಬೆಳಕಿನ ಕಬಡ್ಡಿ ಪಂದ್ಯ ನಡೆಸಿದ್ದೆವು. ಮನೆಮನೆ ಸುತ್ತಿ ಚಂದಾ ಎತ್ತಿ, ಸರ್ವೆ ಗಳ ತರಿಸಿ, ಹಲಗೆ ಜೋಡಿಸಿ, ಅಂಕಣದ ಎರಡೂ ಬದಿಗೆ ಆರಾರು ಮೆಟ್ಟಿಲಿನ ಗ್ಯಾಲರಿ ಕಟ್ಟಿದ್ದೆವು. ಮಧ್ಯಾಹ್ನ ಜೋರು ಮಳೆ ಹೊಡೆದು ನಿಂತಿತ್ತು. ಸಂಜೆ ಜನ ಸೇರತೊಡಗಿದ ಹೊತ್ತಿಗೆ, ಶಾಮಿಯಾನದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಗ್ಯಾಲರಿಯ ಹಿಂಬದಿಗೆ ಹೋಗಿ ಮೂಲೆಯ ಕಂಬದ ಬುಡಕ್ಕೆ ಕಾಲಿನಿಂದ ಒದ್ದರು. ನಾನು ಟಾರ್ಚು ಹಿಡಿದು ಪಕ್ಕದಲ್ಲಿದ್ದೆ. ಕಂಬದ ಸುತ್ತ ಎರಡು ಬೆರಳು ಇಳಿಯುವಷ್ಟು ಸಂದು, ಸಂದಿನ ತುಂಬ ಕೆಂಪು ನೀರು. ಒದ್ದ ಏಟಿಗೆ ಆ ನೀರು ಪುಳಕ್ಕನೆ ಮೇಲಕ್ಕೆ ಉಕ್ಕಿತು.

“ಎಷ್ಟು ಜನ ತಡೆಯುತ್ತೆ ಇದು? ಯಾರಾದ್ರೂ ಲೆಕ್ಕ ಹಾಕಿದೀರೇನ್ರಪ್ಪಾ?” ಎಂದು ಕೇಳಿದರು.

ಬಹುಮಾನದ ಲೆಕ್ಕ ನಮ್ಮ ಹತ್ತಿರ ಇತ್ತು. ಊಟದ್ದು, ಮೈಕ್‌ಸೆಟ್ ಬಾಡಿಗೆಯದ್ದು, ಶಾಲು ಹಾರದ ಖರ್ಚಿನದ್ದು, ಎಲ್ಲವೂ ಪುಸ್ತಕದಲ್ಲಿ ಪೈಸೆ ಸಮೇತ ಇತ್ತು. ಈ ಲೆಕ್ಕ ಮಾತ್ರ ಇರಲಿಲ್ಲ. ಅವರು ಇನ್ನೇನೂ ಆಡದೆ ಆ ಬದಿಯ ಗ್ಯಾಲರಿಗೆ ಅಡ್ಡ ಹಗ್ಗ ಕಟ್ಟಿಸಿ, ಹತ್ತಿ ಕೂತಿದ್ದವರನ್ನು ಇಳಿಸಿ ನೆಲದ ಮೇಲೆ ಟಾರ್ಪಾಲು ಹಾಸಿಸಿದರು. ಪಂದ್ಯ ಒಂದೂವರೆ ಗಂಟೆ ತಡವಾಯಿತು. ಅತಿಥಿಗಳೆದುರು ಮಾನ ಹೋಯಿತೆಂದು ನಾವು ಅವರನ್ನು ಬಾಯಿಗೆ ಬಂದಂತೆ ಬೈದೆವು.

ಈಗ ಹದಿನೆಂಟೋ ಇಪ್ಪತ್ತೆರಡೋ ವಯಸ್ಸಿನಲ್ಲಿರುವ ತಮ್ಮಂದಿರೇ, ತಂಗಿಯರೇ, ಈ ಬರಹ ನಿಮಗೆ. ಗಣಪತಿ ಪೆಂಡಾಲು ಎಬ್ಬಿಸುವವರು ನೀವು. ಆರ್ಕೆಸ್ಟ್ರಾದ ವೇದಿಕೆ, ಪಂದ್ಯದ ಗ್ಯಾಲರಿ, ರಾಜ್ಯೋತ್ಸವದ ಕಮಾನು, ಜಾತ್ರೆಯ ತೇರಿನ ಹಗ್ಗ, ಎಲ್ಲದರ ಹಿಂದೆ ಇರುವುದು ನಿಮ್ಮ ರಟ್ಟೆ. ನೀವು ಕೈ ಹಾಕದೆ ಈ ಊರಿನಲ್ಲಿ ಒಂದು ಸಂಭ್ರಮವೂ ನಡೆಯುವುದಿಲ್ಲ. ಹಾಗಾಗಿ ಆ ಹಿರಿಯರ ಪ್ರಶ್ನೆಯನ್ನು ನಿಮ್ಮ ಕೈಗೇ ಕೊಡುತ್ತಿದ್ದೇನೆ.

2025ರ ಮಾರ್ಚ್ 22. ಆನೇಕಲ್ ತಾಲ್ಲೂಕಿನ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆ. ನೂರಡಿಗೂ ಮಿಕ್ಕಿ ಎತ್ತರದ ತೇರುಗಳನ್ನು, ಅಂದರೆ ಕುರ್ಜುಗಳನ್ನು, ಸುತ್ತಲ ಹಳ್ಳಿಗಳಿಂದ ಎಳೆದು ತರುವುದು ಅಲ್ಲಿನವರ ಹೆಮ್ಮೆ. ಆ ದಿನ ಗಾಳಿಮಳೆಗೆ ಕುರ್ಜು ಜನರ ಮೇಲೆ ಉರುಳಿ ಇಬ್ಬರು ತೀರಿಕೊಂಡರು. ಹಿಂದಿನ ವರ್ಷ, 2024ರ ಏಪ್ರಿಲ್‌ನಲ್ಲಿ, ಅದೇ ಜಾತ್ರೆಗೆ ಬರುತ್ತಿದ್ದ ಇನ್ನೊಂದು ತೇರು ಹೀಗೆಯೇ ಮಗುಚಿತ್ತು. ಆಗ ಯಾರೂ ಸಾಯಲಿಲ್ಲ, ಅಮ್ಮ ಕಾಪಾಡಿದಳು ಅಂದುಕೊಂಡೆವು. ಕಾಪಾಡಿದ್ದು ನಿಜವೇ ಆದರೆ ಅದು ಎಚ್ಚರಿಕೆಯೂ ಆಗಿತ್ತಲ್ಲವೇ? ತೇರು ಎತ್ತರವಾದಷ್ಟೂ ಗಾಳಿಗೆ ಅದನ್ನು ಕೆಡವುವುದು ಸಲೀಸು, ಉದ್ದನೆಯ ಹಾರೆಯಲ್ಲಿ ಬಂಡೆ ಮೀಟಿದ ಹಾಗೆ. ಗಾಲಿಗಳ ನಡುವಿನ ಅಗಲವನ್ನೋ ರಸ್ತೆ ಬಿಟ್ಟಷ್ಟೇ ಇಡಬೇಕು. ಸುತ್ತ ಹಗ್ಗ ಹಿಡಿದು ನಿಂತ ಹುಡುಗರಲ್ಲಿ ಎಷ್ಟೇ ಭಕ್ತಿಯಿದ್ದರೂ ಬಿರುಗಾಳಿಯ ಎದುರು ಅವರ ಮೈತೂಕ ಸಾಲದು. ಭಕ್ತಿಗೆ ನನ್ನ ತಕರಾರಿಲ್ಲ. ನಮ್ಮ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಹಿಂದೆ ನಿಂತ ಮಗು ಮನೆಗೆ ಮರಳಬೇಕೆಂಬುದೂ ಆ ತಾಯಿಗೆ ನಾನು ಹೊತ್ತ ಹರಕೆಯೇ.

ಹುಸ್ಕೂರಿನಲ್ಲಿ ತಪ್ಪನ್ನು ಗಾಳಿಯ ಮೇಲೆ ಹಾಕಬಹುದಿತ್ತು. ಮೋರ್ಬಿಯಲ್ಲಿ ಅದಕ್ಕೂ ಎಡೆಯಿಲ್ಲ. ಗುಜರಾತಿನ ಆ ಊರಿನಲ್ಲಿ ಮಚ್ಛು ನದಿಯ ಮೇಲೆ ರಾಜರ ಕಾಲದ ತೂಗುಸೇತುವೆ, ಅಗಲ ಒಂದೂಕಾಲು ಮೀಟರ್. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದನ್ನು 2022ರ ಅಕ್ಟೋಬರ್ 26ರಂದು ತೆರೆದರು. ನಾಲ್ಕೇ ದಿನ. 30ನೇ ತಾರೀಕು, ದೀಪಾವಳಿ ರಜೆಯ ಭಾನುವಾರ ಸಂಜೆ, ಸುಮಾರು 300 ಜನ ಮೇಲಿರುವಾಗ ಕೇಬಲ್ ಹರಿಯಿತು. 135 ಜನ ಸತ್ತರು. ಅವರಲ್ಲಿ ಎಷ್ಟೋ ಮಂದಿ ಮಕ್ಕಳು, ಅಪ್ಪ ಅಮ್ಮನ ಕೈ ಹಿಡಿದು ಜೋಕಾಲಿಯಂಥ ಸೇತುವೆ ನೋಡಲು ಬಂದವರು.

ಮುಖ್ಯ ಕೇಬಲ್ಲಿನಲ್ಲಿ ಏಳು ಎಳೆ, ಎಳೆಗೆ ಏಳು ತಂತಿ, ಒಟ್ಟು 49. ಹರಿದ ಕೇಬಲ್ಲಿನ 22 ತಂತಿಗಳು ತುಕ್ಕು ತಿಂದು ಮೊದಲೇ ತುಂಡಾಗಿದ್ದಿರಬೇಕೆಂದು ವಿಶೇಷ ತನಿಖಾ ತಂಡ ಹೇಳಿತು. ಹಾಗಿದ್ದರೆ ಆ ಸಂಜೆ ಅಷ್ಟೂ ಜನರನ್ನು ಹೊತ್ತದ್ದು ಉಳಿದ 27. ಹಳೆಯ ತೂಗುಸರಳಿಗೆ ಹೊಸದನ್ನು ವೆಲ್ಡ್ ಮಾಡಿ ಜೋಡಿಸಿದ್ದರು. ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸು ಹಾಕಿದ್ದರು. ಎಲ್ಲವನ್ನೂ ಹೊರುವ ಮುಖ್ಯ ಕೇಬಲ್ ಮಾತ್ರ ಹಳೆಯದೇ. ಭಾರ ಹಾಕಿ ಪರೀಕ್ಷೆ ಮಾಡಿರಲಿಲ್ಲ. ಆ ಒಂದು ದಿನಕ್ಕೆ 3,165 ಟಿಕೆಟ್ ಕೊಟ್ಟಿದ್ದರು. ಎರಡು ತುದಿಗೆ ಎರಡು ಕೌಂಟರ್. ಈಗ ಮೇಲೆ ಎಷ್ಟು ಜನ ಇದ್ದಾರೆ ಎಂದು ಈ ತುದಿಯವರು ಆ ತುದಿಯವರನ್ನು ಕೇಳುವ ಏರ್ಪಾಡೇ ಇರಲಿಲ್ಲ. ಟಿಕೆಟ್ ಕೊಟ್ಟವರು, ಗೇಟು ಕಾದವರು ಬಡವರು. ಮೊದಲು ಬಂಧನವಾದ ಒಂಬತ್ತು ಜನರಲ್ಲಿ ಅವರೂ ಇದ್ದರು. ರಜೆಯಲ್ಲಿ ನಾಲ್ಕು ಕಾಸಿಗಾಗಿ ವಸ್ತುಪ್ರದರ್ಶನದ ಗೇಟಿನಲ್ಲೋ ಜಾಯಿಂಟ್ ವ್ಹೀಲಿನ ಬಳಿಯೋ ನಿಲ್ಲುವ ಹುಡುಗರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಮೋರ್ಬಿಯ ಸುದ್ದಿ ಇನ್ನೂ ಬಿಸಿಯಿರುವಾಗಲೇ, ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿ ಶಿವಪುರದ ತೂಗುಸೇತುವೆ ಮೇಲೆ ಪ್ರವಾಸಿಗರು ಕಾರನ್ನೇ ಹತ್ತಿಸಿದರು. ಅಡ್ಡ ನಿಂತು ಗದರಿ ಹಿಂದಕ್ಕೆ ಕಳಿಸಿದವರು ಆ ಊರಿನ ಜನ. ಅವರ ಬಳಿ ಯಾವ ಅಧಿಕಾರದ ಕಾಗದವೂ ಇರಲಿಲ್ಲ. ದಿನಾ ಓಡಾಡುವ ಸೇತುವೆ ಎಷ್ಟು ತಡೆಯುತ್ತದೆ ಎಂಬುದು ಗೊತ್ತಿತ್ತು, ಅಷ್ಟೇ ಸಾಕಾಯಿತು.

ಎಂಜಿನಿಯರಿಂಗ್ ಓದುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಸಂಜೆಯ ನೃತ್ಯಕೂಟ ನಡೆಯುತ್ತಿತ್ತು. ಚಾವಣಿಯಿಂದ ತೂಗುಬಿಟ್ಟಿದ್ದ ಎರಡು ನಡೆದಾರಿಗಳು ಒಂದರ ಮೇಲೊಂದು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಎರಡನ್ನೂ ಹೊರಲು ಮೇಲಿಂದ ಕೆಳತನಕ ಒಂದೇ ಸರಳು ಇತ್ತು. ಜೋಡಿಸಲು ತೊಡಕೆಂದು ಅದನ್ನು ಎರಡು ಮಾಡಿ, ಕೆಳಗಿನ ನಡೆದಾರಿಯನ್ನು ಮೇಲಿನದಕ್ಕೇ ನೇತುಹಾಕಿದರು. ಬಾವಿ ಹಗ್ಗಕ್ಕೆ ಇಬ್ಬರು ಜೋತುಬಿದ್ದಿದ್ದಾರೆ ಅಂದುಕೊಳ್ಳಿ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ ಹಗ್ಗದ ಭಾರ ಹಾಗೇ ಇರುತ್ತದೆ, ಮೇಲಿನವನ ಮುಷ್ಟಿಗೆ ಮಾತ್ರ ಇಮ್ಮಡಿ. ಅಲ್ಲಿ ಆ ಮುಷ್ಟಿ ಎಂದರೆ ಒಂದು ನಟ್ಟು. ಬದಲಾವಣೆಯ ಕಾಗದಕ್ಕೆ ಒಪ್ಪಿಗೆ ಬಿತ್ತು, ಲೆಕ್ಕವನ್ನು ಮತ್ತೊಮ್ಮೆ ಯಾರೂ ಹಾಕಲಿಲ್ಲ.

ಇಂಥ ಲೆಕ್ಕಕ್ಕೆ ನಮ್ಮಲ್ಲೂ ಅಳತೆಗೋಲಿದೆ. ಜನ ಗುಂಪಾಗಿ ಸೇರುವ, ಕೂರಲು ಸ್ಥಿರ ಆಸನವಿಲ್ಲದ ಜಾಗಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡಿಯಬೇಕೆಂದು ಕಟ್ಟಡಗಳ ಭಾರದ ಕುರಿತ ನಮ್ಮ ದೇಶದ ಐಎಸ್ 875 ಸಂಹಿತೆ ಹೇಳುತ್ತದೆ. ಕಬಡ್ಡಿಯಲ್ಲಿ ಸೂಪರ್ ರೈಡ್ ಆದಾಗ ಗ್ಯಾಲರಿಯಲ್ಲಿ ಏನಾಗುತ್ತದೆ, ನೆನಪಿಸಿಕೊಳ್ಳಿ. ಎಲ್ಲರೂ ಒಟ್ಟಿಗೆ ಎದ್ದು ಒಟ್ಟಿಗೆ ಕುಣಿಯುತ್ತಾರೆ. ಕೂತ ಮನುಷ್ಯನ ತೂಕ ಬೇರೆ, ಕುಣಿಯುವವನ ಏಟು ಬೇರೆ. ಅದರಲ್ಲೂ ಗ್ಯಾಲರಿಯನ್ನು ಪಕ್ಕಕ್ಕೆ ವಾಲಿಸುವ ತಳ್ಳು ಭಾರಕ್ಕಿಂತ ಅಪಾಯ. ಅದನ್ನು ತಡೆಯುವುದು ಕಂಬದಿಂದ ಕಂಬಕ್ಕೆ ಕತ್ತರಿಯಾಗಿ ಕಟ್ಟುವ ಅಡ್ಡಪಟ್ಟಿ. ಗಳ ಕಡಿಮೆ ಬಿತ್ತೆಂದಾಗ ನಾವು ಮೊದಲು ಕೈಬಿಡುವುದೂ ಅದನ್ನೇ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯ ರಾಷ್ಟ್ರೀಯ ಜೂನಿಯರ್ ಕಬಡ್ಡಿಯಲ್ಲಿ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜೀವ ಹೋದವು. ಅಲ್ಲಿ ಕಟ್ಟಡ ಬೀಳಲಿಲ್ಲ ನಿಜ. ಸುಮಾರು 35 ಸಾವಿರ ಆಸನದ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಾಗ ಗೇಟು ಎಷ್ಟು ತಡೆಯುತ್ತದೆ ಎಂಬ ಅದೇ ಪ್ರಶ್ನೆಗೆ ಉತ್ತರವಿರಲಿಲ್ಲ.

ಪಾಲಿಕೆಯ ಅನುಮತಿ, ಪೊಲೀಸರ ಅನುಮತಿ, ವಿದ್ಯುತ್ತಿಗೆ ಮೆಸ್ಕಾಂ ಪತ್ರ, ಇವೆಲ್ಲ ಬೇಕು, ತೆಗೆದುಕೊಳ್ಳಿ. ಆದರೆ ಕಾಗದ ಕೊಟ್ಟವರು ಮಳೆ ನಿಂತ ಮೇಲೆ ಬಂದು ಕಂಬ ಅಲ್ಲಾಡಿಸುವುದಿಲ್ಲ. ಆ ಹೊತ್ತಿಗೆ ಅಲ್ಲಿರುವವರು ನೀವು.

ನಿಮ್ಮನ್ನು ತಡೆಯುವುದು ಏನೆಂದು ನನಗೆ ಗೊತ್ತು. ಸಮಿತಿಯ ಸಭೆಯಲ್ಲಿ ಎದ್ದು “ಇದು ಬಿದ್ದರೆ?” ಎಂದು ಕೇಳಿದರೆ ಹಿರಿಯರು “ಬಿಡ್ತು ಅನ್ನು” ಎನ್ನುತ್ತಾರೆ. ಒಳ್ಳೆಯ ಕೆಲಸದಲ್ಲಿ ಅಪಶಕುನ ನುಡಿದ ಹಾಗೆ ನೋಡುತ್ತಾರೆ. ಗೆಳೆಯರು ಪುಕ್ಕಲ ಅನ್ನುತ್ತಾರೆ. ನೂರು ಜನರೆದುರು ಕಂಬ ಹತ್ತಿ ಬಾವುಟ ಕಟ್ಟುವುದು ಸುಲಭ. ಆ ನೂರು ಜನರ ಮುಖ ನೋಡುತ್ತ “ಇಳೀರಿ, ಇದು ತಡೆಯಲ್ಲ” ಅನ್ನಲು ಬೇಕಾದ ಎದೆಗಾರಿಕೆ ಅದರ ಹತ್ತುಪಟ್ಟು. ಆ ಎದೆಗಾರಿಕೆ ನಿಮ್ಮಲ್ಲಿದೆ. ಬಿಡ್ತು ಅನ್ನಬೇಡಿ. ಕೇಳಿ, ಉತ್ತರ ಸಿಗುವ ತನಕ ಕೇಳಿ.

ಕೇಳುವುದಕ್ಕಷ್ಟೇ ನಿಲ್ಲಬೇಡಿ, ಕಟ್ಟುವುದನ್ನೂ ಕಲಿಯಿರಿ. ಸುಳ್ಯದ ಗಿರೀಶ್ ಭಾರದ್ವಾಜ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1989ರಲ್ಲಿ ಅರಂಬೂರಿನವರು ಪಯಸ್ವಿನಿ ಹೊಳೆ ದಾಟಲು ದಾರಿ ಮಾಡಿಕೊಡಿ ಎಂದಾಗ ಸೇತುವೆಯ ಲೆಕ್ಕವನ್ನು ಕಲಿತು ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಮಿಕ್ಕಿ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋಗುವ ಮಕ್ಕಳು ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಈಗಲೂ ಇದ್ದಾರೆ. ಲೆಕ್ಕ ಬಲ್ಲ ಒಬ್ಬ ಹುಡುಗಿ, ಒಬ್ಬ ಹುಡುಗ ಅಂಥ ಊರಿಗೆ ಎಷ್ಟು ದೊಡ್ಡ ಆಸ್ತಿ!

ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನವೆಂದು ಸರ್ ಎಂ.ವಿ. ಅವರ ಫೋಟೊಗೆ ಹಾರ ಹಾಕುತ್ತೇವೆ. ಗಣೇಶನ ಹಬ್ಬವೂ ಅದರ ಆಸುಪಾಸಿನಲ್ಲೇ ಬರುತ್ತದೆ. ನವುಲೆಯ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರೇ, ಭದ್ರಾವತಿಯ ಐಟಿಐ ಹುಡುಗರೇ, ಈ ಸಲ ಹಾರ ಹಾಕಿದ ಮೇಲೆ ಟೇಪು, ತೂಗುಗುಂಡು, ಸ್ಪ್ಯಾನರ್ ಹಿಡಿದು ಬೀದಿಗೆ ಬನ್ನಿ. 1923ರಿಂದ ಕಬ್ಬಿಣ ಕರಗಿಸಿದ ಊರು ಭದ್ರಾವತಿ. ವೆಲ್ಡಿಂಗ್ ಗಟ್ಟಿಯೋ ಪೊಳ್ಳೋ ಎಂದು ನೋಡಿದೊಡನೆ ಹೇಳುವ ಅಜ್ಜಂದಿರು ಅಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಅವರನ್ನೂ ಕರೆತನ್ನಿ. ವಿನೋಬನಗರದ ಪೊಲೀಸ್ ಚೌಕಿಯಿಂದ ಹೊರಟು 100 ಅಡಿ ರಸ್ತೆ ಮುಗಿಯುವ ತನಕ ಒಂದೊಂದು ಪೆಂಡಾಲಿನ ಕಂಬ ಅಲ್ಲಾಡಿಸಿ ನೋಡಿ. ವೇದಿಕೆ ಇಷ್ಟೇ ಜನ ತಡೆಯುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಲ್ಲೇ ನೇತುಹಾಕಿ. ಹತ್ತುವವರನ್ನು ಎಣಿಸಲು ಒಬ್ಬರು ನಿಲ್ಲಿ. ಶಾಸಕರೇ ಬರಲಿ, ಸ್ವಾಮೀಜಿಯೇ ಬರಲಿ, ಹಿಂಬಾಲಕರನ್ನು ಕೈಮುಗಿದು ಕೆಳಗೆ ನಿಲ್ಲಿಸಿ.

ಕಬಡ್ಡಿ ಮುಗಿದ ಮಾರನೆಯ ಬೆಳಗ್ಗೆ ಗ್ಯಾಲರಿ ಬಿಚ್ಚಲು ನಾವೇ ಹೋಗಿದ್ದೆವು. ಆ ಹಿರಿಯರು ಲಾರಿಗೆ ಸಾಮಾನು ಹೇರಿಸುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ನಮ್ಮ ಗುಂಪಿನ ಅತಿ ಚಿಕ್ಕ ಹುಡುಗ, ಎಂಟನೇ ಕ್ಲಾಸಿನವನು, ಆ ಮೂಲೆಯ ಕಂಬದ ಹತ್ತಿರ ಹೋಗಿ ಒಂದೇ ಕೈಯಲ್ಲಿ ಹಿಡಿದು ಎತ್ತಿದ. ಮೂಲಂಗಿ ಕಿತ್ತ ಹಾಗೆ ಬಂತು. ಬುಡದಲ್ಲಿ ಹಸಿ ಮಣ್ಣು ಮೆತ್ತಿದ್ದದ್ದು ಒಂದು ಗೇಣು. ಕಂಬ ಹಿಡಿದುಕೊಂಡೇ ಅವನು ತಿರುಗಿ ನಮ್ಮನ್ನು ನೋಡಿದ.