ಔಷಧ ಮೈಗೆ ಒಗ್ಗದಿದ್ದಾಗ

ಯಲಹಂಕದ ಸುತ್ತಲಿನ ಗ್ರಾಮಗಳ ದಂಪತಿಗಳೇ,

ರೋಗ ವಾಸಿಮಾಡುವ ಔಷಧವೇ ಅಪರೂಪಕ್ಕೆ ಕೆಲವರಿಗೆ ಮಾರಕವಾಗುವುದುಂಟು. ಸಲ್ಫಾ ಮಾತ್ರೆ, ಮೂರ್ಛೆರೋಗದ ಫೆನಿಟಾಯಿನ್ ಇಂತಹವು. ಸೇವನೆ ಆರಂಭಿಸಿದ ಮೇಲೆ, ಸಾಮಾನ್ಯವಾಗಿ 4ರಿಂದ 28 ದಿನಗಳೊಳಗೆ, ಜ್ವರ, ಕಣ್ಣುರಿ, ಬಾಯಿಹುಣ್ಣು, ನೋಯುವ ಕೆಂಪು ಬೊಕ್ಕೆಗಳು ಕಾಣಿಸಿಕೊಳ್ಳುತ್ತವೆ. ಇದೇ ಸ್ಟೀವನ್ಸ್-ಜಾನ್ಸನ್ ವ್ಯಾಧಿ. ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳು ನಮ್ಮ ಚರ್ಮವನ್ನೇ ನಾಶಮಾಡುವುದರಿಂದ, ಸುಟ್ಟಂತೆ ಚರ್ಮ ಸುಲಿಯುತ್ತದೆ. ವ್ಯಾಧಿ ಉಲ್ಬಣಿಸಿದರೆ ಕಿರುನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿಸುವ ಅಂಶಗಳು ಹೀಗೆ ವ್ಯಯವಾಗಿ, ಬೇರೆಡೆ ರಕ್ತಸ್ರಾವವೂ ಆಗಬಹುದು.

‘ಅಮ್ಮ’ ಬಂದಿತೆಂದು ಬೇವಿನ ಸೊಪ್ಪು ಹಾಸಿ ಮನೆಯಲ್ಲಿ ಮಲಗಿಸದಿರಿ. ಮುಂದಿನ ಮಾತ್ರೆ ನುಂಗದೆ, ಉಳಿದ ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಹಿಡಿದು ಅಂದೇ ಸರ್ಕಾರಿ ಆಸ್ಪತ್ರೆಗೆ ಧಾವಿಸಿರಿ. ವಾಹನಕ್ಕಾಗಿ 108ಕ್ಕೆ ಕರೆಮಾಡಿರಿ. ಆ ಔಷಧದ ಹೆಸರನ್ನು ಪತಿಪತ್ನಿಯರಿಬ್ಬರೂ ಬರೆದಿಟ್ಟುಕೊಳ್ಳಿರಿ. ಅದನ್ನು ಮತ್ತೆಂದೂ ಸೇವಿಸಬಾರದು.